ಬಾಡಿಗೆ ಮನೆಗೆ ಕಡಿಮೆ ಖರ್ಚಿನ ಬೆಳಕು

ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ಪಟ್ಟಣಗಳಲ್ಲಿ ಬಾಡಿಗೆಗೆ ಸಿಗುವ ಮನೆಗಳನ್ನು ಸ್ಥೂಲವಾಗಿ ಎರಡು ಬಗೆಯಾಗಿ ನೋಡಬಹುದು. ಒಂದು, ಪೇಟೆಯ ಹಳೆಯ ಓಣಿಗಳಲ್ಲಿ ಉಳಿದಿರುವ ದಪ್ಪ ಮಣ್ಣಿನ ಗೋಡೆ, ತೊಲೆ, ಜಂತಿ ಮತ್ತು ಮೇಲ್ಮುದ್ದೆಯ ಮಾಳಿಗೆ ಮನೆಗಳು. ಮಳೆ ಸ್ವಲ್ಪ ಹೆಚ್ಚಿರುವ ಕಿತ್ತೂರಿನ ಕಡೆ ಇವುಗಳ ಜಾಗದಲ್ಲಿ ಹೆಂಚಿನ ಮನೆಗಳು ಕಾಣಸಿಗುತ್ತವೆ. ಇನ್ನೊಂದು, ಊರಂಚಿನ ಬಡಾವಣೆಗಳಲ್ಲಿ ಮಾಲೀಕರು ಕೆಳಗಿದ್ದು ಮೇಲಿನ ಅಂತಸ್ತನ್ನು ಬಾಡಿಗೆಗೆ ಕೊಡುವ, ಅಥವಾ ಚಾಳಿನಂತೆ ಸಾಲಾಗಿ ಕಟ್ಟಿದ ಎರಡೆರಡು ಕೋಣೆಗಳ ಸಿಮೆಂಟ್ ಮನೆಗಳು. ಕಟ್ಟಡದ ರೀತಿ ಎಷ್ಟೇ ಬೇರೆಯಾದರೂ ಬೆಳಕಿನ ವಿಷಯದಲ್ಲಿ ಎರಡಕ್ಕೂ ಒಂದೇ ಕೊರತೆ ಇದೆ: ಕೋಣೆಗೊಂದು ಹೋಲ್ಡರ್, ಅದೂ ಬಾಗಿಲ ಮೇಲೋ ಮಾಡಿನ ನಡುವೆಯೋ, ಅಡುಗೆ ಮಾಡುವ ಕಟ್ಟೆಗೂ ಮಕ್ಕಳು ಓದುವ ಮೂಲೆಗೂ ದೂರವಾಗಿ.

ಈ ಕೊರತೆಗೆ ಕಾರಣ ಮಾಲೀಕರ ಜಿಪುಣತನವಲ್ಲ, ವೈರಿಂಗ್ ನಡೆದ ಕಾಲದ ಲೆಕ್ಕಾಚಾರ. ಮುಂಬೈ ಪ್ರಾಂತ್ಯದಲ್ಲಿದ್ದ ಈ ಭಾಗ 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು, ಮರುವರ್ಷ ರಾಜ್ಯದ ವಿದ್ಯುಚ್ಛಕ್ತಿ ಮಂಡಳಿ ಸ್ಥಾಪನೆಯಾಯಿತು, ಮುಂದೆ ಜನರ ಬಾಯಲ್ಲಿ ಅದೇ ಕೆಇಬಿ ಎಂದಾಯಿತು. 2002ರಿಂದ ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ಹೆಸ್ಕಾಂ ಇಲ್ಲಿ ವಿದ್ಯುತ್ ವಿತರಿಸುತ್ತಿದೆ. ಮಂಡಳಿಯ ಕಾಲದಲ್ಲಿ ಮನೆಗೆ ಕರೆಂಟ್ ಬರುವುದೇ ದೊಡ್ಡ ಸಂಗತಿಯಾಗಿತ್ತು, ವೈರಿಂಗ್ ಕೂಲಿಯನ್ನು ಇಂದಿನಂತೆಯೇ ಅಂದೂ ಪಾಯಿಂಟ್ ಲೆಕ್ಕದಲ್ಲಿ ಕೊಡಲಾಗುತ್ತಿತ್ತು, ಆದ್ದರಿಂದ ಕೋಣೆಗೊಂದು ಪಾಯಿಂಟ್ ಎಂಬುದು ಸಹಜವಾದ ಮಿತಿಯಾಯಿತು. ಬಡವರ ಮನೆಗಳಿಗಾಗಿ ಬಂದ ಭಾಗ್ಯಜ್ಯೋತಿ ಯೋಜನೆಯಂತೂ ಮನೆಗೆ ಒಂದೇ ದೀಪ ಎಂಬ ತತ್ವದ ಮೇಲೆ ನಿಂತಿತ್ತು. ಆ ಒಂದು ದೀಪ ಇಡೀ ಕೋಣೆಗೆ ಬೆಳಕು ಕೊಡಬೇಕಾಗಿದ್ದರಿಂದ ಅದನ್ನು ಎತ್ತರದಲ್ಲಿ ಇಟ್ಟರು, ಎತ್ತರದಲ್ಲಿ ಇಟ್ಟಿದ್ದರಿಂದಲೇ ಅದು ಯಾವ ಕೆಲಸಕ್ಕೂ ಸಾಲದಾಯಿತು.

ಇಂಥ ಮನೆಗಳಿಗೆ ಬರುವವರು ವರ್ಗವಾಗಿ ಬಂದ ಶಿಕ್ಷಕರು, ಬ್ಯಾಂಕ್ ಮತ್ತು ತಾಲೂಕು ಕಚೇರಿಯ ನೌಕರರು, ಹಳ್ಳಿಯಿಂದ ಕಾಲೇಜಿಗೆ ಬಂದ ವಿದ್ಯಾರ್ಥಿಗಳು, ಸ್ವಂತ ಮನೆಯಿಲ್ಲದ ನೇಕಾರ ಮತ್ತು ಕೂಲಿಕಾರ ಕುಟುಂಬಗಳು. ‘ನಮ್ಮ ಮನಿ ಅಲ್ಲಲ್ಲ, ನಾವ್ಯಾಕ ಖರ್ಚ ಮಾಡೂದು’ ಎಂಬ ಮಾತು ಇವರಲ್ಲಿ ಸಾಮಾನ್ಯ. ಮಾತಿನಲ್ಲಿ ನ್ಯಾಯವಿದ್ದರೂ ತಿಳಿವಳಿಕೆಯ ಕೊರತೆಯೂ ಇದೆ, ಏಕೆಂದರೆ ಬಾಡಿಗೆದಾರರು ಹಾಕಿದ ದೀಪ ಮಾಲೀಕರ ಪಾಲಾಗುತ್ತದೆ ಎಂದು ಕಾನೂನು ಹೇಳುವುದಿಲ್ಲ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 108ನೆಯ ಪ್ರಕರಣದ ಪ್ರಕಾರ, ಕರಾರಿನಲ್ಲಿ ಬೇರೆ ಮಾತು ಇಲ್ಲದಿದ್ದರೆ, ಬಾಡಿಗೆದಾರರು ತಾವು ಜೋಡಿಸಿದ ವಸ್ತುಗಳನ್ನು ಮನೆ ತಮ್ಮ ಸ್ವಾಧೀನದಲ್ಲಿರುವಾಗ ತೆಗೆದುಕೊಂಡು ಹೋಗಬಹುದು. ಮನೆಯನ್ನು ಪಡೆದ ಸ್ಥಿತಿಯಲ್ಲಿಯೇ ಬಿಡಬೇಕೆಂಬುದಷ್ಟೇ ಷರತ್ತು. ಅದೇ ಪ್ರಕರಣ ಸ್ವತ್ತಿಗೆ ಕಾಯಂ ಹಾನಿ ಮಾಡುವುದನ್ನೂ ಒಪ್ಪಿಗೆಯಿಲ್ಲದೆ ಕಾಯಂ ಕಟ್ಟಡ ಕಟ್ಟುವುದನ್ನೂ ನಿಷೇಧಿಸುತ್ತದೆ. ಇದರಿಂದ ಒಂದು ಸರಳ ವಿಭಜನೆ ಹೊರಡುತ್ತದೆ: ಗೋಡೆಯೊಳಗಿನ ತಂತಿ, ಫ್ಯೂಸ್ ಮತ್ತು ಬೋರ್ಡು ಮಾಲೀಕರ ಹೊಣೆ, ಹೋಲ್ಡರಿನಿಂದ ಈಚೆಗಿರುವ ಬಲ್ಬು, ಪಟ್ಟಿ, ಮುಚ್ಚಳ, ಮೇಜಿನ ದೀಪ ಇವೆಲ್ಲ ಬಾಡಿಗೆದಾರರ ಸ್ವತ್ತು ಮತ್ತು ಅವರ ಜೊತೆಗೇ ಮುಂದಿನ ಮನೆಗೆ ಹೋಗತಕ್ಕವು. ಈ ಗೆರೆಯ ಈಚೆಗೆ ಮಾಡಿದ ಖರ್ಚು ವ್ಯರ್ಥವಾಗುವುದಿಲ್ಲ.

ಆದರೆ ಹೊಸ ದೀಪ ತರುವ ಮೊದಲು ಹಳೆಯ ಹೋಲ್ಡರನ್ನು ಹತ್ತಿರದಿಂದ ನೋಡಬೇಕು, ಮತ್ತು ಈ ಭಾಗದ ಹಳೆಯ ಮನೆಗಳಲ್ಲಿ ಈ ಕೆಲಸವನ್ನು ಎಂದಿಗೂ ಬಿಡಬಾರದು. ಮೇನ್ ಸ್ವಿಚ್ ಇಳಿಸಿ, ಬಲ್ಬ್ ತೆಗೆದು, ಟಾರ್ಚ್ ಹಿಡಿದು ನೋಡಿದರೆ ಹೋಲ್ಡರಿನ ಒಳಗೆ ಸ್ಪ್ರಿಂಗ್ ಮೇಲೆ ಕುಳಿತ ಎರಡು ಹಿತ್ತಾಳೆಯ ಮೊಳೆಗಳು ಕಾಣುತ್ತವೆ. ಅವು ಹೊಳಪಾಗಿದ್ದು ಒತ್ತಿದಾಗ ಹಿಂದೆ ಸರಿದು ಮರಳಿ ಮುಂದೆ ಬಂದರೆ ಹೋಲ್ಡರ್ ಸುಸ್ಥಿತಿಯಲ್ಲಿದೆ ಎಂದರ್ಥ. ತುದಿಯಲ್ಲಿ ಕಪ್ಪು ಕಲೆ ಇದ್ದರೆ, ಒಂದು ಮೊಳೆ ಒಳಗೇ ಸಿಕ್ಕಿಕೊಂಡಿದ್ದರೆ, ಅಥವಾ ಸುತ್ತಲಿನ ಬೇಕಲೈಟ್, ಅಂದರೆ ಹಳೆಯ ಸ್ವಿಚ್ಚುಗಳಿಗೆ ಬಳಸುತ್ತಿದ್ದ ಕಂದು ಅಥವಾ ಕಪ್ಪು ಬಣ್ಣದ ಗಡಸು ಪ್ಲಾಸ್ಟಿಕ್, ಬಿರುಕು ಬಿಟ್ಟಿದ್ದರೆ, ಅಲ್ಲಿ ವರ್ಷಗಳ ಕಾಲ ಕಿಡಿ ಹಾರಿದೆ ಎಂದು ತಿಳಿಯಬೇಕು. 60 ಅಥವಾ 100 ವ್ಯಾಟ್‌ನ ತಂತು ಬಲ್ಬುಗಳ ಶಾಖಕ್ಕೆ ಒಣಗಿ ಪೆಡಸಾದ ಇಂಥ ಹೋಲ್ಡರಿನಲ್ಲಿ ಹೊಸ ಎಲ್‌ಇಡಿ ಬಲ್ಬ್ ಮಿಣುಕುತ್ತದೆ, ಗುಂಯ್‌ಗುಡುತ್ತದೆ, ಕೆಲವೇ ತಿಂಗಳಲ್ಲಿ ಕೆಡುತ್ತದೆ. ಬಳಸುವವರು ಬಲ್ಬಿನ ಕಂಪನಿಯನ್ನು ಬೈಯುತ್ತಾರೆ. ಐವತ್ತು ರೂಪಾಯಿಯೊಳಗೆ ಸಿಗುವ ಹೊಸ ಹೋಲ್ಡರ್ ಅನೇಕ ಬಲ್ಬುಗಳನ್ನು ಉಳಿಸುತ್ತದೆ.

ಇನ್ನೊಂದು ಲಕ್ಷಣ ರಾತ್ರಿ ಮಾತ್ರ ಕಾಣುವಂಥದು. ಸ್ವಿಚ್ ಆರಿಸಿದ ಮೇಲೂ ಎಲ್‌ಇಡಿ ಬಲ್ಬ್ ಮಿಂಚುಹುಳದಷ್ಟು ಮಂದವಾಗಿ ಬೆಳಗುತ್ತಿದ್ದರೆ, ಸ್ವಿಚ್ಚಿನಲ್ಲಿ ಸಣ್ಣ ಸೂಚಕ ದೀಪ ಇಲ್ಲದಿದ್ದಲ್ಲಿ, ಸ್ವಿಚ್ಚನ್ನು ಫೇಸ್ ತಂತಿಗೆ ಬದಲು ನ್ಯೂಟ್ರಲ್ ತಂತಿಗೆ ಜೋಡಿಸಿರುವ ಸಾಧ್ಯತೆ ಬಹಳ. ಫೇಸ್ ಎಂದರೆ ವಿದ್ಯುತ್ತನ್ನು ಹೊತ್ತು ತರುವ ತಂತಿ, ನ್ಯೂಟ್ರಲ್ ಎಂದರೆ ಅದು ಮರಳುವ ದಾರಿ. ಮರಳುವ ದಾರಿಯನ್ನು ಕತ್ತರಿಸಿದರೆ ದೀಪ ಆರುತ್ತದೆ, ಆದರೆ ಹೋಲ್ಡರಿನೊಳಗೆ 230 ವೋಲ್ಟ್ ಹಾಗೆಯೇ ಉಳಿದಿರುತ್ತದೆ. ಸ್ವಿಚ್ ಆರಿದೆ ಎಂಬ ನಂಬಿಕೆಯಿಂದ ಬಲ್ಬ್ ಬದಲಿಸಲು ಕುರ್ಚಿ ಹತ್ತಿದವರಿಗೆ ಹೊಡೆಯುವುದು ಇದೇ. ಮರದ ಪಟ್ಟಿಯ ಮೇಲೆ ತಂತಿ ಎಳೆದ ಮನೆಗಳಲ್ಲಿ ಬಣ್ಣ ಮಾಸಿ ಯಾವುದು ಕೆಂಪು, ಯಾವುದು ಕಪ್ಪು ಎಂಬುದೇ ಗೊತ್ತಾಗದಿರುವುದರಿಂದ ಈ ದೋಷ ಅಲ್ಲಿ ಹೆಚ್ಚು. ಜೊತೆಗೆ ಗೆದ್ದಲು, ಇಲಿ ಮತ್ತು ಮೇಲ್ಮುದ್ದೆಯ ಸೋರಿಕೆ ಬೇರೆ. 2019ರ ಆಗಸ್ಟ್‌ನಲ್ಲಿ ಮಲಪ್ರಭಾ ನದಿ ಉಕ್ಕಿ ರಾಮದುರ್ಗದ ಕಡೆಯ ಮನೆಗಳಿಗೆ ನುಗ್ಗಿದಾಗ ನೀರಿನಲ್ಲಿ ನಿಂತ ಬೋರ್ಡುಗಳನ್ನು ಬದಲಿಸದೆ ಒಣಗಿಸಿ ಮುಂದುವರಿಸಿದ್ದರೆ, ಅಂಥ ಮನೆಯನ್ನು ಬಾಡಿಗೆಗೆ ಹಿಡಿಯುವವರು ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ರಿಂದ ಒಮ್ಮೆ ಪರೀಕ್ಷೆ ಮಾಡಿಸುವುದು ಅಗತ್ಯ. ಈ ದೋಷಗಳ ದುರಸ್ತಿ ಮಾಲೀಕರ ಖರ್ಚು. ಮಾಲೀಕರು ಮಾಡಲೇಬೇಕಾದ ದುರಸ್ತಿಯನ್ನು ಸೂಚನೆ ಕೊಟ್ಟ ಮೇಲೂ ತಕ್ಕ ಸಮಯದಲ್ಲಿ ಮಾಡದಿದ್ದರೆ ಬಾಡಿಗೆದಾರರು ತಾವೇ ಮಾಡಿಸಿ ಆ ಮೊತ್ತವನ್ನು ಬಾಡಿಗೆಯಲ್ಲಿ ಮುರಿದುಕೊಳ್ಳುವುದಕ್ಕೂ ಮೇಲೆ ಹೇಳಿದ ಪ್ರಕರಣದಲ್ಲಿ ಅವಕಾಶವಿದೆ. ಆದರೂ ಸಣ್ಣ ಊರುಗಳಲ್ಲಿ ಮಾತಿನಿಂದ ಬಗೆಹರಿಸಿಕೊಳ್ಳುವುದೇ ಮೇಲು.

ತಂತಿಯ ಪ್ರಶ್ನೆ ಮುಗಿದ ಮೇಲೆ ಬಲ್ಬಿನ ಆಯ್ಕೆ ಕಷ್ಟವಲ್ಲ. ಬಲ್ಬಿನ ಡಬ್ಬಿಯ ಮೇಲೆ ವ್ಯಾಟ್ ಮತ್ತು ಲ್ಯೂಮೆನ್ ಎಂಬ ಎರಡು ಅಳತೆಗಳಿರುತ್ತವೆ. ವ್ಯಾಟ್ ಎಂದರೆ ಬಲ್ಬ್ ತಿನ್ನುವ ವಿದ್ಯುತ್ತು, ಲ್ಯೂಮೆನ್ ಎಂದರೆ ಅದು ಕೊಡುವ ಬೆಳಕು. 60 ವ್ಯಾಟ್‌ನ ತಂತು ಬಲ್ಬ್ ಸುಮಾರು 700 ಲ್ಯೂಮೆನ್ ಕೊಟ್ಟರೆ 9 ವ್ಯಾಟ್‌ನ ಎಲ್‌ಇಡಿ ಸುಮಾರು 900 ಲ್ಯೂಮೆನ್ ಕೊಡುತ್ತದೆ. ಕೇಂದ್ರ ಸರ್ಕಾರ 2015ರ ಜನವರಿಯಲ್ಲಿ ಆರಂಭಿಸಿ ಮುಂದೆ ಉಜಾಲಾ ಎಂದು ಕರೆದ ಯೋಜನೆ ಕರ್ನಾಟಕದಲ್ಲಿ ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ಬಂದು ಈ ಬಲ್ಬನ್ನು ಕಡಿಮೆ ದರದಲ್ಲಿ ಮನೆಮನೆಗೆ ಮುಟ್ಟಿಸಿತು. ಸಗಟು ಖರೀದಿಯಿಂದ ಎಲ್‌ಇಡಿ ಬೆಲೆ ದೇಶದಲ್ಲೆಲ್ಲ ಇಳಿಯಿತು. ಇಂದು ಪೇಟೆಯಲ್ಲಿ ಒಂದು ಒಳ್ಳೆಯ 9 ವ್ಯಾಟ್ ಬಲ್ಬ್ ನೂರು ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಸಂತೆಯಲ್ಲಿ ಮೂವತ್ತಕ್ಕೆ ಸಿಗುವ ಹೆಸರಿಲ್ಲದ ಬಲ್ಬಿಗಿಂತ, ಡಬ್ಬಿಯ ಮೇಲೆ ಬಿಐಎಸ್ ನೋಂದಣಿ ಗುರುತು ಮತ್ತು ನಕ್ಷತ್ರದ ಚೀಟಿ ಇರುವುದನ್ನು, ಬಿಲ್ ಸಮೇತ ಕೊಳ್ಳುವುದು ಲಾಭದಾಯಕ. ವೋಲ್ಟೇಜ್ ಏರಿಳಿತ ಇರುವ ಓಣಿಗಳಲ್ಲಿ ಡಬ್ಬಿಯ ಮೇಲೆ ಮುದ್ರಿಸಿದ ವೋಲ್ಟೇಜ್ ಮಿತಿಯನ್ನೂ ಓದಬೇಕು. 100ರಿಂದ 300 ವೋಲ್ಟ್‌ವರೆಗೆ ತಡೆಯುವ ಬಲ್ಬ್ ಸಂಜೆಯ ಕಡಿಮೆ ವೋಲ್ಟೇಜಿನಲ್ಲೂ ಒಂದೇ ಸಮನೆ ಉರಿಯುತ್ತದೆ.

ಕತ್ತಲೆ ಎನಿಸಿದ ಕೂಡಲೇ ಹೆಚ್ಚು ವ್ಯಾಟ್‌ನ ಬಲ್ಬ್ ತರುವುದು ಎಲ್ಲರ ಮೊದಲ ಪ್ರತಿಕ್ರಿಯೆ, ಮತ್ತು ಅದು ಸಾಮಾನ್ಯವಾಗಿ ತಪ್ಪು. ಬೆಳಕು ದೂರಕ್ಕೆ ಹೋದಂತೆ ದೂರದ ವರ್ಗದ ಪ್ರಮಾಣದಲ್ಲಿ ತೆಳುವಾಗುತ್ತದೆ. ದೀಪಕ್ಕೂ ಪುಸ್ತಕಕ್ಕೂ ಇರುವ ಅಂತರವನ್ನು ಅರ್ಧಕ್ಕೆ ಇಳಿಸಿದರೆ ಅದೇ ಬಲ್ಬಿನಿಂದ ಪುಸ್ತಕದ ಮೇಲೆ ನಾಲ್ಕು ಪಟ್ಟು ಬೆಳಕು ಬೀಳುತ್ತದೆ. ಎತ್ತರದ ಮಾಳಿಗೆಯ ಕೋಣೆಯಲ್ಲಿ ನೆಲದ ಮೇಲೆ ಕುಳಿತು ಓದುವ ಮಗುವಿಗೆ ಮಾಡಿನಲ್ಲಿರುವ 18 ವ್ಯಾಟ್ ಬಲ್ಬಿಗಿಂತ, ಅರ್ಧ ಎತ್ತರಕ್ಕೆ ಇಳಿಬಿಟ್ಟ 9 ವ್ಯಾಟ್ ಬಲ್ಬ್ ಹೆಚ್ಚು ಉಪಕಾರಿ. ಹೀಗೆ ಇಳಿಬಿಡಲು ಹಳೆಯ ಮನೆಗಳಲ್ಲಿ ಒಂದು ಅನುಕೂಲ ಮೊದಲಿನಿಂದಲೇ ಇದೆ: ತೊಲೆಗೆ ಹೊಡೆದ ತೊಟ್ಟಿಲ ಕೊಂಡಿ. ಪ್ಲಗ್ ಮತ್ತು ಸ್ವಿಚ್ ಸಮೇತ ಬರುವ ಉದ್ದ ತಂತಿಯ ತೂಗು ಹೋಲ್ಡರನ್ನು ಬೋರ್ಡಿನ ಸಾಕೆಟ್ಟಿಗೆ ಸಿಕ್ಕಿಸಿ, ತಂತಿಯನ್ನು ಗೋಡೆಗುಂಟ ಒಯ್ದು ಆ ಕೊಂಡಿಯ ಮೇಲಿಂದ ಇಳಿಬಿಟ್ಟರೆ ಒಂದು ಮೊಳೆಯನ್ನೂ ಹೊಡೆಯದೆ ಹೊಸ ದೀಪವೊಂದು ಬೇಕಾದ ಜಾಗಕ್ಕೆ ಬರುತ್ತದೆ. ದೀಪದ ಭಾರ ತಂತಿಯ ಮೇಲೆ ಬೀಳದಂತೆ ದಾರದಿಂದ ಕೊಂಡಿಗೆ ಕಟ್ಟುವುದು ಮತ್ತು ಓಡಾಡುವವರ ತಲೆಗೆ ತಾಗದಂತೆ ನೋಡಿಕೊಳ್ಳುವುದು, ಇಷ್ಟೇ ಎಚ್ಚರಿಕೆ. ಸಿಮೆಂಟ್ ಮಾಡಿನ ಮನೆಯಲ್ಲಿ ಕೊಂಡಿ ಇಲ್ಲದಿದ್ದರೆ ಗೋಡೆಯ ಮೂಲೆಗೆ ಅಂಟಿಸುವ ಹುಕ್ಕುಗಳು ಸಿಗುತ್ತವೆ, ಆದರೆ ಸುಣ್ಣ ಬಳಿದ ಗೋಡೆಯಲ್ಲಿ ಅವು ನಿಲ್ಲುವುದಿಲ್ಲ. ಅಲ್ಲಿ ಕಪಾಟಿನ ಅಥವಾ ಕಿಟಕಿ ಸರಳಿನ ಆಸರೆಯೇ ಗತಿ. ಅಡುಗೆ ಮನೆಯಲ್ಲಿ ನಿಂತವರ ಬೆನ್ನ ಹಿಂದೆ ದೀಪವಿದ್ದರೆ ಅವರದೇ ನೆರಳು ಕಟ್ಟೆಯ ಮೇಲೆ ಬೀಳುತ್ತದೆ, ಆದ್ದರಿಂದ ಡಬ್ಬಿ ಇಡುವ ಹಲಗೆಯ ಅಡಿಗೆ ಅಂಟಿಸುವ ಸಣ್ಣ ಎಲ್‌ಇಡಿ ಪಟ್ಟಿ ಅಲ್ಲಿ ಮಾಡುವ ಉಪಕಾರವನ್ನು ಮಾಡಿನ ಯಾವ ಬಲ್ಬೂ ಮಾಡಲಾರದು.

ಬೆಳಕಿನ ಬಣ್ಣದ ವಿಷಯದಲ್ಲಿ ಈ ಪಟ್ಟಣಗಳ ಅಂಗಡಿಗಳು ಕೇಳದೆಯೇ ಕೊಡುವುದು 6500 ಕೆಲ್ವಿನ್‌ನ ನೀಲಿ ಬೆರೆತ ಬಿಳಿ. ಕೆಲ್ವಿನ್ ಎಂಬುದು ಬೆಳಕು ಎಷ್ಟು ಹಳದಿ ಅಥವಾ ಎಷ್ಟು ನೀಲಿ ಎಂದು ಹೇಳುವ ಅಳತೆ. 2700ರಿಂದ 3000ವರೆಗಿನದು ಹಳೆಯ ತಂತು ಬಲ್ಬಿನ ಹಳದಿ, 4000 ಎರಡರ ನಡುವಿನದು. ಮಲಗುವ ಕೋಣೆಗೂ ಪಡಸಾಲೆಗೂ 3000, ಅಡುಗೆಗೂ ಓದಿಗೂ 4000 ಎಂದು ಕೇಳಿ ತರಿಸಿಕೊಳ್ಳುವುದು ಒಳ್ಳೆಯದು, ಇದಕ್ಕೆ ಬೆಲೆಯಲ್ಲಿ ಹೆಚ್ಚಿನ ವ್ಯತ್ಯಾಸವೇನಿಲ್ಲ. ರಾಮದುರ್ಗದಂಥ ನೇಕಾರರ ಊರಿಗೆ ಇನ್ನೊಂದು ಅಳತೆಯೂ ಮುಖ್ಯ, ಅದೇ ವರ್ಣನಿಷ್ಠೆ ಸೂಚ್ಯಂಕ, ಡಬ್ಬಿಯ ಮೇಲೆ ಸಿಆರ್‌ಐ ಎಂದು ಮುದ್ರಿತವಾಗಿರುವುದು. ಹಗಲು ಬೆಳಕಿನಲ್ಲಿ ಕಾಣುವಂತೆಯೇ ಬಣ್ಣಗಳು ಕಂಡರೆ ಅದು 100ಕ್ಕೆ ಸಮೀಪ. ಅಗ್ಗದ ಬಲ್ಬುಗಳಲ್ಲಿ 70ರ ಹತ್ತಿರ ಇರುವುದುಂಟು. ಬಾಡಿಗೆ ಮನೆಯಲ್ಲೇ ಮಗ್ಗ ಹಾಕಿಕೊಂಡು ಸಂಜೆಯೂ ನೇಯುವ ಕುಟುಂಬಕ್ಕೆ ಮೆರೂನ್ ಮತ್ತು ಕಂದು ನೂಲುಗಳು, ಕಡುನೀಲಿ ಮತ್ತು ಕಪ್ಪು ನೂಲುಗಳು ಒಂದೇ ಬಣ್ಣವಾಗಿ ಕಾಣುವುದು ಕಣ್ಣಿನ ದೋಷವಲ್ಲ, ಬಲ್ಬಿನ ದೋಷ. ಮಗ್ಗದ ಮೇಲೆ ಸಿಆರ್‌ಐ 80ಕ್ಕಿಂತ ಹೆಚ್ಚಿರುವ ದೀಪವೊಂದನ್ನು, ನೇಯುವವರ ಎದುರಿಗಲ್ಲದೆ ಎಡಕ್ಕೋ ಬಲಕ್ಕೋ ತೂಗುಬಿಡುವುದು ಈ ಲೇಖನದಲ್ಲಿ ಹೇಳಿದ ಎಲ್ಲ ಖರ್ಚುಗಳಲ್ಲಿ ದುಡಿಮೆಗೆ ನೇರವಾಗಿ ಮರಳುವ ಖರ್ಚು. ಹೊಲಿಗೆ ಯಂತ್ರ ಇಟ್ಟುಕೊಂಡವರಿಗೂ ಇದೇ ಮಾತು.

ದೀಪದಷ್ಟೇ ಗೋಡೆಯೂ ಬೆಳಕಿನ ಉಪಕರಣ. ಹೊಸದಾಗಿ ಸುಣ್ಣ ಬಳಿದ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನ ಹತ್ತರಲ್ಲಿ ಸುಮಾರು ಎಂಟು ಪಾಲನ್ನು ಮರಳಿಸುತ್ತದೆ, ಹೊಗೆ ಹಿಡಿದ ಜಂತಿ ಬಹುಪಾಲು ನುಂಗಿಬಿಡುತ್ತದೆ. ಸುಣ್ಣ ಹಚ್ಚಲು ಬೇಡವೆನ್ನುವ ಮಾಲೀಕರು ಅಪರೂಪ. ಮಾಳಿಗೆಯ ಬೆಳಕಿಂಡಿಯನ್ನು ಹಿಂದಿನ ಬಾಡಿಗೆದಾರರು ಹಲಗೆ ಹಾಕಿ ಮುಚ್ಚಿದ್ದರೆ ಅದನ್ನು ತೆಗೆಸಿ ಗಾಜು ಹಾಕಿಸಬಹುದು. ಕಿತ್ತೂರಿನ ಕಡೆಯ ಹೆಂಚಿನ ಮನೆಯಲ್ಲಿ ಮಾಲೀಕರ ಒಪ್ಪಿಗೆ ಪಡೆದು ಒಂದೆರಡು ಮಣ್ಣಿನ ಹೆಂಚಿನ ಜಾಗದಲ್ಲಿ ಗಾಜಿನ ಹೆಂಚು ಇಟ್ಟು, ತೆಗೆದ ಹೆಂಚನ್ನು ಅಟ್ಟದ ಮೇಲೆ ಕಾದಿರಿಸಿದರೆ ಹಗಲಿನಲ್ಲಿ ದೀಪವೇ ಬೇಕಾಗುವುದಿಲ್ಲ.

ಬರಿಯ ಬಲ್ಬ್ ಕಣ್ಣಿಗೆ ಚುಚ್ಚುವುದರಿಂದ ಅದಕ್ಕೊಂದು ಮುಚ್ಚಳ ಬೇಕು, ಆದರೆ ಅದಕ್ಕಾಗಿ ದೊಡ್ಡ ಪೇಟೆಯ ಅಲಂಕಾರದ ದೀಪ ತರಿಸಬೇಕಾಗಿಲ್ಲ. ಮೇದಾರರು ಹೆಣೆದ ಬಿದಿರಿನ ಸಣ್ಣ ಬುಟ್ಟಿಯ ತಳದಲ್ಲಿ ಹೋಲ್ಡರ್ ಹಿಡಿಸುವಷ್ಟು ಜಾಗ ಬಿಡಿಸಿ ಬೋರಲಾಗಿ ತೂಗಿದರೆ ಗೋಡೆಯ ಮೇಲೆ ಹೆಣಿಗೆಯ ನೆರಳು ಸಮೇತ ಸೊಗಸಾದ ಬೆಳಕು ಬರುತ್ತದೆ. ಗುಳೇದಗುಡ್ಡದ ಖಣದ ಬಟ್ಟೆಯ ತುಂಡನ್ನು ತಂತಿಯ ಚೌಕಟ್ಟಿಗೆ ಹೊಲಿದ ಮುಚ್ಚಳವೂ ಅಷ್ಟೇ ಚೆಂದ. ಖಣದ ಗಾಢ ಬಣ್ಣ ಬೆಳಕನ್ನು ತಡೆಯುವುದರಿಂದ ಅದು ಪಡಸಾಲೆಯ ಮೂಲೆಗೆ ಒಪ್ಪುತ್ತದೆ, ಓದುವ ಜಾಗಕ್ಕಲ್ಲ. ಇವೆರಡನ್ನೂ ಎಲ್‌ಇಡಿ ಬಲ್ಬಿನ ಜೊತೆ ಮಾತ್ರ ಬಳಸಬೇಕು, ತಂತು ಬಲ್ಬಿನ ಶಾಖಕ್ಕೆ ಬಿದಿರು, ಬಟ್ಟೆ ಎರಡೂ ಹೊತ್ತಿಕೊಳ್ಳಬಲ್ಲವು. ಎಲ್‌ಇಡಿಯೂ ತನ್ನ ಬುಡದಲ್ಲಿ ಬಿಸಿಯಾಗುತ್ತದೆ, ಆದ್ದರಿಂದ ಮೇಲೆ ಗಾಳಿಗೆ ದಾರಿ ಇರಲಿ. ಲೋಹದ ಮೇಜಿನ ದೀಪವನ್ನು ಮಾತ್ರ ಅರ್ಥಿಂಗ್ ಇಲ್ಲದ ಹಳೆಯ ಮನೆಗೆ ತರಬಾರದು, ಪ್ಲಾಸ್ಟಿಕ್ ಮೈಯದೇ ಕ್ಷೇಮ.

ಹಳೆಯ ಟ್ಯೂಬ್‌ಲೈಟ್ ಇರುವ ಮನೆಗಳಲ್ಲಿ ಚೋಕ್ ಮತ್ತು ಸ್ಟಾರ್ಟರ್ ಬದಲಿಸುತ್ತ ಕೂರುವುದಕ್ಕಿಂತ ಇಡೀ ಪಟ್ಟಿಯನ್ನೇ ಇಳಿಸಿ 20 ವ್ಯಾಟ್‌ನ ಎಲ್‌ಇಡಿ ಪಟ್ಟಿ ಹಾಕುವುದು ಸುಲಭ, ಗೋಡೆಯಲ್ಲಿರುವ ಹಳೆಯ ತೂತುಗಳೇ ಸಾಮಾನ್ಯವಾಗಿ ಸಾಕಾಗುತ್ತವೆ. ತಾಮ್ರದ ಚೋಕ್ ಸಮೇತ ಹಳೆಯ ಟ್ಯೂಬ್ ಸುಮಾರು 50 ವ್ಯಾಟ್ ಎಳೆಯುತ್ತದೆ. ಇಳಿಸಿದ ಪಟ್ಟಿ ಮಾಲೀಕರದು, ಅದನ್ನು ಜೋಪಾನವಾಗಿ ಎತ್ತಿಡಬೇಕು. ಟ್ಯೂಬಿನೊಳಗೆ ಅಲ್ಪ ಪ್ರಮಾಣದ ಪಾದರಸ ಇರುವುದರಿಂದ ಒಡೆದು ತಿಪ್ಪೆಗೆ ಎಸೆಯಬಾರದು. ಪಾದರಸದ ಬಗೆಗಿನ ಮಿನಮಾಟ ಒಪ್ಪಂದದ ದೇಶಗಳು 2027ರೊಳಗೆ ಇಂಥ ಟ್ಯೂಬುಗಳ ತಯಾರಿಕೆ ಮತ್ತು ವ್ಯಾಪಾರವನ್ನು ಕೊನೆಗಾಣಿಸಲು 2023ರಲ್ಲಿ ತೀರ್ಮಾನಿಸಿವೆ.

ಕರೆಂಟ್ ಹೋದಾಗ ತಾನೇ ಉರಿಯುವ, ಒಳಗೆ ಬ್ಯಾಟರಿ ಇರುವ ಇನ್ವರ್ಟರ್ ಬಲ್ಬುಗಳು ಇನ್ವರ್ಟರ್ ಇಡಲಾಗದ ಬಾಡಿಗೆದಾರರಿಗೆ ವರದಾನವೆಂದೇ ಹೇಳಬೇಕು. ಸ್ವಿಚ್ ಹಾಕಿರುವಾಗ ಹೊರಗಿನ ಲೈನ್ ನಿಂತರೆ ಅದು ಬ್ಯಾಟರಿಯಿಂದ ಉರಿಯುತ್ತದೆ, ಸ್ವಿಚ್ ಆರಿಸಿದರೆ ಆರುತ್ತದೆ. ಎರಡೂ ಸಂದರ್ಭದಲ್ಲಿ ಕರೆಂಟ್ ಇಲ್ಲದಿದ್ದರೂ ಬಲ್ಬಿಗೆ ವ್ಯತ್ಯಾಸ ತಿಳಿಯುವುದು ಹೇಗೆಂದರೆ, ಸ್ವಿಚ್ ಹಾಕಿದ್ದಾಗ ಮನೆಯ ಇತರ ಉಪಕರಣಗಳ ಮೂಲಕ ಫೇಸ್ ಮತ್ತು ನ್ಯೂಟ್ರಲ್ ನಡುವೆ ಒಂದು ದಾರಿ ಇರುತ್ತದೆ, ಆ ದಾರಿಯನ್ನು ಬಲ್ಬಿನೊಳಗಿನ ಸಣ್ಣ ಸರ್ಕ್ಯೂಟ್ ಗುರುತಿಸುತ್ತದೆ. ಲೈನ್ ಕೆಲಸದ ವೇಳೆ ಮನೆಯ ಮೇನ್ ಸ್ವಿಚ್ ಇಳಿಸಿ ಬೇರೆಲ್ಲ ಉಪಕರಣ ಕಿತ್ತಿಟ್ಟರೆ ಅದು ಉರಿಯದಿರಲು ಇದೇ ಕಾರಣ.

ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿ ಬಂದ ಮೇಲೆ ಉಳಿತಾಯ ಯಾಕೆ ಎಂಬ ಪ್ರಶ್ನೆ ಏಳುತ್ತದೆ. 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಯಾದ ಈ ಯೋಜನೆ ಬಾಡಿಗೆದಾರರಿಗೂ ಅನ್ವಯಿಸುತ್ತದೆ, ಆದರೆ ಅದು ಪ್ರತಿ ಮನೆಗೆ 200 ಯೂನಿಟ್ ಕೊಡುವ ಯೋಜನೆಯಲ್ಲ. ಆ ಮೀಟರಿನ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ನಿಗದಿಪಡಿಸಿದ ಮಿತಿಯವರೆಗೆ ಮಾತ್ರ ಬಿಲ್ ಶೂನ್ಯ, ಅದಕ್ಕಿಂತ ಹೆಚ್ಚಾದರೆ ಹೆಚ್ಚಿನದಕ್ಕೆ ಹಣ, 200 ದಾಟಿದರೆ ಪೂರ್ತಿ ಬಿಲ್. ಒಂದೇ ಮೀಟರಿನ ಮೇಲೆ ಸಬ್‌ಮೀಟರ್ ಹಾಕಿ ಎರಡು ಮೂರು ಸಂಸಾರಗಳಿಗೆ ಬಾಡಿಗೆ ಕೊಟ್ಟ ಚಾಳುಗಳಲ್ಲಿ 200ರ ಗೆರೆ ದಾಟುವುದು ಕಷ್ಟವೇನಲ್ಲ. 60 ವ್ಯಾಟ್‌ನ ನಾಲ್ಕು ಬಲ್ಬ್ ದಿನಕ್ಕೆ ಐದು ತಾಸು ಉರಿದರೆ ತಿಂಗಳಿಗೆ 36 ಯೂನಿಟ್ ಆಗುತ್ತದೆ, 9 ವ್ಯಾಟ್‌ನ ನಾಲ್ಕು ಬಲ್ಬಿಗೆ ಐದೂವರೆ ಯೂನಿಟ್ ಸಾಕು.

ಎರಡು ಕೋಣೆ, ಅಡುಗೆ ಮನೆ, ಬಚ್ಚಲು ಇರುವ ಸಾಮಾನ್ಯ ಬಾಡಿಗೆ ಮನೆಗೆ ನಾಲ್ಕು ಬಲ್ಬ್, ಎರಡು ಹೊಸ ಹೋಲ್ಡರ್, ಒಂದು ಎಲ್‌ಇಡಿ ಪಟ್ಟಿ, ಒಂದು ತೂಗು ಹೋಲ್ಡರ್, ಅಡುಗೆ ಕಟ್ಟೆಗೊಂದು ಸಣ್ಣ ದೀಪ, ಒಂದು ಬಿದಿರಿನ ಬುಟ್ಟಿ ಇಷ್ಟನ್ನೂ ಎಲೆಕ್ಟ್ರಿಷಿಯನ್ ಕೂಲಿ ಬಿಟ್ಟು ಎರಡು ಸಾವಿರ ರೂಪಾಯಿಯೊಳಗೆ ಮುಗಿಸಬಹುದು. ಒಮ್ಮೆಗೇ ಆಗದಿದ್ದರೆ ಹೋಲ್ಡರ್ ಮೊದಲು, ಓದುವ ಅಥವಾ ದುಡಿಯುವ ಜಾಗದ ದೀಪ ಆಮೇಲೆ, ಅಲಂಕಾರ ಕೊನೆಗೆ. ಮನೆಗೆ ಬಂದ ದಿನವೇ ಪ್ರತಿ ಹೋಲ್ಡರ್ ಮತ್ತು ಬೋರ್ಡಿನ ಫೋಟೋ ತೆಗೆದು ಮಾಲೀಕರಿಗೆ ಕಳಿಸಿಟ್ಟರೆ ಬಿಡುವಾಗ ಡಿಪಾಜಿಟ್ ಹಣದ ಬಗ್ಗೆ ತಕರಾರು ಬರುವುದಿಲ್ಲ.

ಮಾಲೀಕರಲ್ಲಿಯೂ ಒಂದು ವಿನಂತಿ ಇದೆ. ಬಾಡಿಗೆದಾರರು ತಮ್ಮ ದೀಪಗಳನ್ನು ತಾವೇ ತಂದುಕೊಳ್ಳಬಲ್ಲರು, ಅರ್ಥಿಂಗ್ ಹಾಕಿಸಲಾರರು. ಮನೆಯೊಳಗೆ ಹೋದ ವಿದ್ಯುತ್ತಿಗೂ ಮರಳಿದ ವಿದ್ಯುತ್ತಿಗೂ 30 ಮಿಲಿಆಂಪಿಯರ್‌ನಷ್ಟು ವ್ಯತ್ಯಾಸ ಬಂದ ಕ್ಷಣದಲ್ಲೇ ಲೈನ್ ಕಡಿದು ಜೀವ ಉಳಿಸುವ ಆರ್‌ಸಿಸಿಬಿ ಎಂಬ ಸಾಧನದ ಬೆಲೆ ಬಹುತೇಕ ಕಡೆ ಒಂದು ತಿಂಗಳ ಬಾಡಿಗೆಗಿಂತ ಕಡಿಮೆ. ಬೈಲಹೊಂಗಲವಾಗಲಿ ರಾಮದುರ್ಗವಾಗಲಿ, ಮುಂದಿನ ಬಾಡಿಗೆದಾರರು ಬರುವ ಮೊದಲು ಮನೆಗೆ ಸುಣ್ಣ ಹಚ್ಚಿಸುವಾಗ ಇದೊಂದನ್ನು ಮೀಟರ್ ಬೋರ್ಡಿನಲ್ಲಿ ಕೂಡಿಸಿ, ಅರ್ಥ್ ತಂತಿಯೊಂದನ್ನು ಎಳೆಸಿ ಕೊಡಬೇಕು.